ಬೇಳೆಯ ಹಿಂದೆ ಅಡಗಿದ ಚಂದ್ರ

ಎಪ್ಪತ್ತರ ದಶಕದ ಕೊನೆಯಲ್ಲಿ ಜಗಳೂರಿನಿಂದ ಸೂಳೆಕೆರೆ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದಾಗ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ತವರಿನ ಬಗ್ಗೆ ಯಾರಾದರೂ ಒಂದು ಮಾತಾಡಿದರೆ ಸಾಕು, ಉರಿದು ಬೀಳುತ್ತಿದ್ದೆ. ಮಾವನವರು ಅದು ಗೊತ್ತಿದ್ದೇ ಕೆಣಕುತ್ತಿದ್ದರು.

ಅವರು ಅಡಿಕೆ ಆರಿಸುವುದರಲ್ಲಿ ಹೆಸರಾದವರು. ರಾಶಿಯ ಮುಂದೆ ಕೂತು ದಪ್ಪ, ನಡು, ಸಣ್ಣ ಎಂದು ಮೂರು ಗುಡ್ಡೆಗೆ ಎಸೆಯುತ್ತಾ ಹೋಗುವರು. ಜರಡಿ ಮುಟ್ಟಿದವರೇ ಅಲ್ಲ. ತಮ್ಮ ಕಣ್ಣೇ ಜರಡಿ ಎನ್ನುತ್ತಿದ್ದರು.

ಎರಡನೆಯ ವರ್ಷ ದೀಪಾವಳಿಗೆ ತವರಿಗೆ ಹೋಗಲು ನನ್ನ ಜೀವ ಹಾತೊರೆಯುತ್ತಿತ್ತು. ಅಡಿಕೆ ಕೊಯ್ಲಿನ ಕಾಲ, ಆಳುಗಳಿಗೆ ಅಡುಗೆ ಮಾಡುವವರು ಯಾರು ಎಂದು ಮಾವನವರು ಬೇಡ ಅಂದಿದ್ದರು. ಸೀಗೆ ಹುಣ್ಣಿಮೆಯ ದಿನ ಭೂಮಿತಾಯಿಯ ಎಡೆಯೆಂದು ಗದ್ದೆಗೆ ಚರಗ ಚೆಲ್ಲಿ, ಅಲ್ಲೇ ಉಂಡು, ಸಂಜೆ ಕೆರೆ ಏರಿಯ ಮೇಲೆ ಬರುವಾಗಲೂ ನಾನು ಮುಖ ಊದಿಸಿಕೊಂಡೇ ಇದ್ದೆ. ಗುಡ್ಡದ ಅಂಚಿನಲ್ಲಿ ಚಂದ್ರ ಎದ್ದ.

"ನೋಡವ್ವ, ಪರಾತದಷ್ಟು ಅದಾನೆ. ನಿಮ್ಮ ಜಗಳೂರಾಗೆ ಇಂಥ ಚಂದ್ರ ಎಲ್ಲೈತೆ?" ಎಂದರು ಮಾವನವರು.

"ಎಲ್ಲಾ ಕಡೆ ಒಬ್ಬನೇ ಚಂದ್ರ, ಮಾವ. ಹುಟ್ಟುವಾಗ ದೊಡ್ಡದು ಅನ್ನಿಸ್ತೈತೆ, ಅಷ್ಟೆ. ಅಳತೆ ಬದಲಾಗಲ್ಲ."

"ಅಳತೆ ನನಗೆ ಹೇಳಾಕೆ ಬರ್ತೀಯಾ? ಮೇಲೆ ಹೋದ್ರೆ ಅರ್ಧ ಆಗ್ತಾನೆ. ಆಗಲ್ಲ ಅಂತ ತೋರಿಸು, ದೀಪಾವಳಿಗೆ ನಾನೇ ಕರ್ಕೊಂಡು ಹೋಗಿ ಬಿಡ್ತೀನಿ."

ಚಂದ್ರನ ಅಳತೆ ನೋಡಲೆಂದು ಸಂಚಿಯಿಂದ ಒಂದು ಅಡಿಕೆ ತೆಗೆದು ಕೈ ಚಾಚಿ ಹಿಡಿದರು. ಪರಾತದಷ್ಟಿದ್ದ ಚಂದ್ರ ಅದರ ಹಿಂದೆ ಪೂರ್ತಿ ಮಾಯವಾದ. ಅವರು ಬೆಪ್ಪಾದರು. ಅಳೆಯಲು ಅಡಿಕೆ ತೀರಾ ದಪ್ಪವಾಗಿತ್ತು. ಏರಿಯ ಕೆಳಗೇ ಇದ್ದ ಮನೆಗೆ ಓಡಿ, ತವರಿನ ತೊಗರಿಬೇಳೆ ಒಂದನ್ನು ಪೊರಕೆ ಕಡ್ಡಿಯ ತುದಿಗೆ ಅನ್ನದ ಅಗುಳಿನಿಂದ ಅಂಟಿಸಿ ತಂದೆ. ಮಾವನವರು ಕೈ ಚಾಚಿ, ಒಂದು ಕಣ್ಣು ಮುಚ್ಚಿ ನೋಡಿದರು. ಚಂದ್ರ ಬೇಳೆಗೆ ಸರಿಯಾಗಿ ಮುಚ್ಚಿಕೊಂಡ.

ರಾತ್ರಿ ಊಟವಾದ ಮೇಲೆ ಅಂಗಳಕ್ಕೆ ಬಂದೆವು. ಚಂದ್ರ ಮೇಲೇರಿ ಸಣ್ಣಗೆ ಕಾಣುತ್ತಿದ್ದ. ಮಾವನವರು ನಗುತ್ತಲೇ ಕಡ್ಡಿ ಇಸಿದುಕೊಂಡರು. ನೋಡಿದರು, ಕೈ ಬದಲಾಯಿಸಿ ಮತ್ತೆ ನೋಡಿದರು. ಅದೇ ಬೇಳೆ, ಅದೇ ಚಂದ್ರ. ನಗು ನಿಂತಿತು.

ಹೈಸ್ಕೂಲಿನ ಮೇಷ್ಟ್ರು ಹೇಳಿದ್ದನ್ನು ನಾನು ಒಪ್ಪಿಸಿದೆ. ಗುಡ್ಡ, ಮರಗಳ ಆಚೆ ಕಂಡಾಗ ಮನಸ್ಸು ಅವನನ್ನು ಬಹಳ ದೂರದವನು ಅಂದುಕೊಂಡು ದೊಡ್ಡದು ಮಾಡಿಕೊಳ್ಳುತ್ತದೆ. ತಿಂಗಳಲ್ಲಿ ಅವನು ಸ್ವಲ್ಪ ಹತ್ತಿರ, ಸ್ವಲ್ಪ ದೂರ ಆಗುವುದು ನಿಜ, ಆದರೆ ಅದು ಬರಿಗಣ್ಣಿಗೆ ತಿಳಿಯುವಷ್ಟಲ್ಲ. ಅಷ್ಟಕ್ಕೆ ಸುಮ್ಮನಿರಬಹುದಿತ್ತು.

"ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ, ಮಾವ" ಎಂದುಬಿಟ್ಟೆ.

ಅವರು ಕಡ್ಡಿಯನ್ನು ನನ್ನ ಕೈಗಿಟ್ಟು ಒಳಗೆ ಹೋದರು. ಕಣ್ಣನ್ನೇ ನಂಬಿ ಬದುಕಿದವರಿಗೆ ಹಾಗೆ ಅಂದೆನಲ್ಲ ಎಂದು ನನಗೆ ನಾಚಿಕೆಯಾಯಿತು. ತವರಿನ ಆಸೆಯನ್ನೂ ಬಿಟ್ಟೆ.

ಆದರೆ ಹಬ್ಬಕ್ಕೆ ಅವರೇ ನನ್ನನ್ನು ಜಗಳೂರಿಗೆ ಕರೆದುಕೊಂಡು ಹೋಗಿ ಬಿಟ್ಟರು. ವಾಪಸ್ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಹಬ್ಬ ಮುಗಿಸ್ಕೊಂಡು ಬಾರವ್ವ. ಅಡುಗೆಗೆ ಬೇರೆಯವರನ್ನ ನೋಡಾನ. ನೀನು ನನ್ನ ಜೋಡಿ ಅಡಿಕೆ ಆರಿಸಾಕೆ ಕೂತ್ಕೋ. ನನ್ನ ಕಣ್ಣನ್ನೂ ಕೇಳೋರು ಒಬ್ರು ಬೇಕು."

ವಾರಕ್ಕೆಂದು ಹೋದವಳು ಮೂರನೆಯ ದಿನವೇ ಗಂಡನ ಮನೆಗೆ ಮರಳಲು ಚನ್ನಗಿರಿ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಅವ್ವ ಸಿಟ್ಟಾಗಿ ನನ್ನ ಜೊತೆ ಮಾತು ಬಿಟ್ಟಳು.