ಪುಟಗಳ ನಡುವಿನ ದಾರ

ತೆಲಂಗಾಣ ರಾಜ್ಯವಾದ ಮರುವರ್ಷ, ಆಷಾಢದ ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ. ನಾರಾಯಣಪೇಟೆಯ ಗ್ರಂಥಾಲಯದಲ್ಲಿ ಇದ್ದವರು ಇಬ್ಬರು: ಗ್ರಂಥಪಾಲಕನಾದ ನಾನು ಮತ್ತು ಕಸ ಗುಡಿಸುವ ಆಯಾ. ಹತ್ತಕ್ಕೆ ಜಿಲ್ಲೆಯ ಅಧಿಕಾರಿ ಬರುವವರಿದ್ದರು. ನೌಕರಿ ಪರೀಕ್ಷೆಯ ಪುಸ್ತಕಗಳಿಗೆ ಜಾಗ ಬೇಕಿತ್ತು; ಯಾರೂ ಮುಟ್ಟದ ಪುಸ್ತಕಗಳನ್ನು ಗೋದಾಮಿಗೆ ಸಾಗಿಸಬೇಕೆಂದು ಆದೇಶವಾಗಿತ್ತು. ಗೋದಾಮಿಗೆ ಹೋದ ಪುಸ್ತಕ ಮರಳಿ ಬಂದದ್ದನ್ನು ನಾನು ಕಂಡಿಲ್ಲ.

ನನ್ನ ಚಿಂತೆಯೆಲ್ಲ ಕನ್ನಡದ ಬೀರುವಿನದು. ರಾಯಚೂರೂ ನಾವೂ ಒಂದೇ ಸಂಸ್ಥಾನದಲ್ಲಿದ್ದ ಕಾಲದಿಂದ ಅದು ಅಲ್ಲೇ ಇತ್ತು. ಓದುಗರು ನೇಕಾರರು. ಬಣ್ಣದ ಕೈ ತಾಗೀತೆಂದು ಅಂಜಿ ಅವರು ಪುಸ್ತಕವನ್ನು ಮನೆಗೆ ಒಯ್ಯುತ್ತಿರಲಿಲ್ಲ. ಮಗ್ಗ ಬಿಟ್ಟು ಬಂದು, ಇಲ್ಲೇ ಕೈ ತೊಳೆದು, ನಿಂತೇ ನಾಲ್ಕು ಪುಟ ಓದಿ, ಓದಿದಲ್ಲಿ ಒಂದೆಳೆ ರೇಷ್ಮೆ ದಾರ ಇಟ್ಟು ಹೋಗುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಬಣ್ಣ. ಆ ದಾರಗಳನ್ನೇ ಅಧಿಕಾರಿಗೆ ತೋರಿಸುವುದೆಂದು ನಿಶ್ಚಯಿಸಿದ್ದೆ. ಯಾರೂ ಪುಸ್ತಕ ಒಯ್ಯದ್ದರಿಂದ ಬೇರೆ ಪುರಾವೆ ಇರಲಿಲ್ಲ.

ಬೀರು ತೆರೆದೆ. ಒಂದು ದಾರವೂ ಇಲ್ಲ.

"ಸಾಹೇಬ್ರು ಬರ್ತಾರಂತ ನಿನ್ನಿ ಶುಕ್ರವಾರ ರಜಾದಾಗ ಎಲ್ಲಾ ಝಾಡಿಸೀನ್ರಿ ಸರ್," ಎಂದಳು ಆಯಾ. "ಪುಸ್ತಕದಾಗ ಎಷ್ಟ್ ಕಸಾ ಇತ್ತಂತೀರಿ! ಒಲಿಗೆ ಹಾಕಿದೆ."

ಅಧಿಕಾರಿ ಹೇಳಿದ ಹೊತ್ತಿಗೇ ಬಂದರು. ಎರಡು ಮೂರು ಪುಸ್ತಕ ತೆಗೆದು ನೋಡಿ, "ಇವನ್ನು ಯಾರೂ ತೆರೆದಂತೆಯೇ ಇಲ್ಲವಲ್ಲ," ಎಂದು ತೆಲುಗಿನಲ್ಲಿ ಹೇಳಿದರು. ನೇಕಾರರ ಸಂಗತಿ ವಿವರಿಸಿದೆ. "ಎಲ್ಲಾ ಊರಲ್ಲೂ ಹೀಗೇ ಹೇಳುತ್ತಾರೆ," ಎಂದು ಡ್ರೈವರನಿಂದ ಗೋಣಿಚೀಲ ತರಿಸಿದರು. ಮೇಲಿನ ಖಾನೆ ಖಾಲಿಯಾಗತೊಡಗಿತು.

ಅಷ್ಟರಲ್ಲಿ ಒಬ್ಬ ಮುದುಕ ನೇಕಾರ ಬಂದ. ಯಾರನ್ನೂ ಕೇಳದೆ ಚೀಲದ ಬಾಯಿಯಿಂದ ತಾನು ಓದುತ್ತಿದ್ದ ಕಾದಂಬರಿ ಎಳೆದುಕೊಂಡು ಪುಟ ತಿರುವಿದ.

"ಯಾರು ನನ್ನ ಹಸರ ದಾರ ಕಿತ್ತವ್ರು?"

"ನಾನೇ ಕಾಕಾ. ಕಸಾ ಅನ್ಕೊಂಡೆ."

"ಕಸಾ ಏನವ್ವಾ! ಆ ಸೊಸಿ ಬಾವಿಕಟ್ಟಿ ಮ್ಯಾಲ ಹೋಗಿ ನಿಂತಿದ್ಲು. ಬಿದ್ದಳೋ ಉಳದಳೋ, ಈಗ ಎಲ್ಲಿ ಹುಡುಕ್ಲಿ ಆಕೀನ?"

"ಬಿದ್ದಿದ್ರ ಕತಿ ಅಲ್ಲೇ ಮುಗೀತಿತ್ತಲ್ಲ ಕಾಕಾ. ಇನ್ನೂ ಪುಟ ಭಾಳ ಅದಾವ."

ಅವರ ಮಾತನ್ನು ನಾನು ತೆಲುಗಿನಲ್ಲಿ ಹೇಳಿದೆ. ಅಧಿಕಾರಿ ಡ್ರೈವರನಿಗೆ ಕೈ ತೋರಿಸಿ ತಡೆದರು. "ಹುಡುಕು," ಎಂದರು ಮುದುಕನಿಗೆ. ಅವನು ಬೆರಳು ಆಡಿಸುತ್ತ ಹೋಗಿ ಬಾವಿಕಟ್ಟೆಯ ಪುಟ ಹಿಡಿದ. ಹಿಡಿದವನು ನಮ್ಮನ್ನೆಲ್ಲ ಮರೆತು ಅಲ್ಲೇ ನಿಂತು ಓದತೊಡಗಿದ.

ಅಧಿಕಾರಿ ತುಸು ಹೊತ್ತು ಅವನನ್ನೇ ನೋಡಿದರು. "ಕೆಳಗಿನ ಎರಡು ಖಾನೆ ಪರೀಕ್ಷೆಯ ಪುಸ್ತಕಗಳಿಗೆ ಕೊಡಿ," ಎಂದರು ನನಗೆ. "ಇವರ ಪುಸ್ತಕ ಮೇಲಿನ ಎರಡರಲ್ಲಿ ಹಿಡಿಸಿಕೊಳ್ಳಿ."

ಸಂಜೆಯವರೆಗೆ ನಾನೂ ಆಯಾಳೂ ನಾಲ್ಕು ಖಾನೆಯ ಪುಸ್ತಕಗಳನ್ನು ಎರಡರಲ್ಲಿ ತುಂಬಿದೆವು, ಒಂದರ ಹಿಂದೆ ಒಂದು ಸಾಲು. ಬೀರುವಿನ ಬಾಗಿಲನ್ನು ಇಬ್ಬರೂ ಸೇರಿ ಒತ್ತಿ ಹಿಡಿದೆವು. ಕೀಲಿ ಹಾಕಿದೆ.