ಸೋರೆ ಬುರುಡೆಯ ಅಳತೆ

ಕಮಲಾಪುರದಲ್ಲಿ ಮಾವನವರ ಕೆಂಬಾಳೆ ತೋಟದ ಬಾವಿಗೆ ನಮ್ಮ ಐದು ವರ್ಷದ ಮಗಳು ಜಾರಿ ಬಿದ್ದಾಗ ನಾನು ಮೇಲಿನ ಮೆಟ್ಟಿಲಲ್ಲೇ ನಿಂತಿದ್ದೆ. ಬಾಯಿ ತೆರೆದೆ, ಕೂಗು ಹೊರಡಲಿಲ್ಲ. ಹೆಂಡತಿ ಹಾರಿ ಮಗುವನ್ನು ಎತ್ತಿ ತಂದಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಕಲಬುರಗಿಯ ಕಚೇರಿಯಲ್ಲಿ ದಿನವಿಡೀ ಉರ್ದು ಕಾಗದ ನಕಲು ಮಾಡುವ ನನಗೆ ಈಜು ಎಲ್ಲಿಂದ ಬರಬೇಕು? ಮರುಬೇಸಿಗೆಗೆ ಕಲಿತೇ ತೀರಬೇಕೆಂದು ಬಜಾರಕ್ಕೆ ಹೋದೆ. ಆಗ ಈಜು ಕಲಿಯುವವರು ಒಣಗಿದ ಸೋರೆ ಬುರುಡೆಗಳನ್ನು ಬೆನ್ನಿಗೆ ಕಟ್ಟಿಕೊಂಡು ನೀರಿಗಿಳಿಯುತ್ತಿದ್ದರು. ಅಂಗಡಿಯವನು ಎಲ್ಲಕ್ಕಿಂತ ದೊಡ್ಡ ಜೋಡಿಯನ್ನು ಮುಂದಿಟ್ಟ.

“ಇವು ತಗೋರಿ ಸಾಹೇಬ್ರ, ಆನಿಗಿ ಕಟ್ಟಿದ್ರೂ ತೇಲ್ತದ.”

“ನನ್ನ ಮೈಗೆ ದೊಡ್ಡವಾಗಂಗಿಲ್ಲೇನು?”

“ದೊಡ್ಡವಿದ್ದಷ್ಟು ಭೇಷ್ ರೀ.”

ಹೆದರಿದವನಿಗೆ ಆ ಮಾತು ನಿಜವೆನಿಸಿತು.

ಕಮಲಾಪುರಕ್ಕೆ ಹೋದ ಮರುದಿನ ಮಧ್ಯಾಹ್ನ, ಯಾರಿಗೂ ಹೇಳದೆ ಅಂಗಿಯ ಮೇಲೆಯೇ ಬುರುಡೆಗಳನ್ನು ಹಗ್ಗದಿಂದ ಹೊಟ್ಟೆಗೆ ಕಟ್ಟಿ ನೀರಿಗಿಳಿದೆ. ಈಜಲು ಮುಂದಕ್ಕೆ ಬಾಗುತ್ತಲೇ ಅವು ಸರ್ರನೆ ಸೊಂಟಕ್ಕೆ ಜಾರಿದವು. ಸೊಂಟ ಮೇಲೆ ತೇಲಿತು, ತಲೆ ಕೆಳಗೆ ಹೋಯಿತು. ಕಾಲು ಬಡಿದಷ್ಟೂ ತಲೆ ಇನ್ನೂ ಕೆಳಗಿಳಿಯುತ್ತಿತ್ತು. ಮೂಗಿನ ತುಂಬ ನೀರು. ಹಗ್ಗದ ಗಂಟು ಕೈಗೆ ಸಿಗಲಿಲ್ಲ. ಬಟ್ಟೆ ಒಗೆಯಲು ಬಂದ ಹೆಂಡತಿ ನೋಡದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಅವಳು ಜುಟ್ಟು ಹಿಡಿದೇ ಮೆಟ್ಟಿಲಿಗೆ ಎಳೆದಳು.

“ಹೊಟ್ಟಿಗಿ ಕಟ್ತಾರೇನ್ರಿ ಇದನ್ನ?” ಎಂದಳು. “ಕಂಕುಳ ಕೆಳಗ ಕಟ್ಟಬೇಕು. ಅಂಗಿ ಮ್ಯಾಲ ಜಾರ್ತದ, ಬರೇ ಮೈಗೆ ಕಟ್ಟಬೇಕು.”

ಮನೆಯಿಂದ ಸಣ್ಣ ಬುರುಡೆಗಳನ್ನು ತಂದು ಒಂದೊಂದನ್ನೂ ನೀರಲ್ಲಿ ಅದುಮಿ ಹಿಡಿದಳು. ಗುಳ್ಳೆ ಎದ್ದದ್ದನ್ನು ತೂತು ಬಿದ್ದಿದೆಯೆಂದು ಬಿಸಾಡಿದಳು. ಹಗ್ಗ ನೆನೆಸಿ, ಒಳ್ಳೆಯ ಎರಡನ್ನು ನನ್ನ ಬೆನ್ನಿಗೆ ಕಟ್ಟಿ, ಹಗ್ಗದ ಸಂದಿಯಲ್ಲಿ ಎರಡು ಬೆರಳು ತೂರಿಸಿ ನೋಡಿದಳು.

“ಉಸುರು ಎಳೀರಿ. ಬಿಗಿ ಆಗ್ತದೇನು?”

“ಇಲ್ಲ.”

“ಕೈ ಎತ್ರಿ. ಹೂಂ, ಈಗ ಇಳೀರಿ.”

ಈ ಸಲ ತಲೆ ಮೇಲೆಯೇ ನಿಂತಿತು. ಎಂಟು ದಿನ ಬಾವಿಯನ್ನು ಆಚೆಯಿಂದ ಈಚೆಗೆ ದಾಟಿದೆ. ಒಂಬತ್ತನೆಯ ದಿನ ಒಂದು ಬುರುಡೆ ಬಿಚ್ಚಿದ್ದೇ ತಡ, ಕೈಕಾಲು ಮರಗಟ್ಟಿ ಗೋಡೆಯ ಕಲ್ಲಿಗೆ ಅಂಟಿಕೊಂಡೆ.

“ನನ್ನ ಕೈಲಾಗಂಗಿಲ್ಲ,” ಎಂದೆ.

ಅವಳು ಅದನ್ನು ಮತ್ತೆ ಕಟ್ಟಿದಳು.

ಮುಂದೆ ನಾಲ್ಕು ಬೇಸಿಗೆ ಪ್ರಯತ್ನಿಸಿದೆ. ಬುರುಡೆಯಿಲ್ಲದೆ ಈಜಲು ಬರಲಿಲ್ಲ. ಮಗಳು ಬಾವಿಗೆ ಹೊರಟಾಗಲೆಲ್ಲ, “ಅವ್ವನ್ನ ಕರಕೊಂಡು ಹೋಗವ್ವ,” ಎನ್ನುವುದಷ್ಟೇ ನನಗೆ ಉಳಿಯಿತು.