ಅವ್ವನಿಗೆ ಹಚ್ಚಿದ ಶಬ್ದ

ಬ್ಯಾಂಕ್ ಪರೀಕ್ಷೆಗೆ ಓದುವ ಸಲುವಾಗಿ ನಾನು ಕಮಲಾಪುರದಿಂದ ಕಲಬುರಗಿಗೆ ಬಂದು, ಗಾಜಿಪುರದಲ್ಲಿ ಕಾಕಾನ ಮನೆಯಲ್ಲಿ ಉಳಿದೆ. ಕಾಕಾನ ಮಗಳೂ ಅದೇ ಪರೀಕ್ಷೆಗೆ ಓದುತ್ತಿದ್ದಳು. ನನಗಿಂತ ತುಸು ಚಿಕ್ಕವಳು, ಇಂಗ್ಲಿಷ್ ಮಾಧ್ಯಮದವಳು. ಫೋನಿನಲ್ಲಿ ಗೆಳತಿಯರ ಜೊತೆ ಇಂಗ್ಲಿಷಿನಲ್ಲೇ ಚೇಷ್ಟೆ ಮಾಡುತ್ತಿದ್ದಳು. ನನಗೆ ಆ ಭಾಷೆಯಲ್ಲಿ ಓದಲು ಬರುತ್ತಿತ್ತು, ಬರೆಯಲು ಬರುತ್ತಿತ್ತು, ಚೇಷ್ಟೆ ಬರುತ್ತಿರಲಿಲ್ಲ. ಆಕೆ ನಕ್ಕಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು.

ಗಣಿತ ನನಗೆ ಸಲೀಸು. ಸೋಲುತ್ತಿದ್ದದ್ದು ಇಂಗ್ಲಿಷಿನ ಸಮಾನಾರ್ಥಕ ಪದಗಳಲ್ಲಿ. ಬಾಯಿಪಾಠ ಮಾಡಿದ್ದು ಮರುದಿನ ಇರುತ್ತಿರಲಿಲ್ಲ. ಕಡೆಗೆ ಒಂದೊಂದು ಶಬ್ದವನ್ನೂ ಊರಿನ ಒಬ್ಬೊಬ್ಬರಿಗೆ ಹಚ್ಚತೊಡಗಿದೆ. ಬಾಯಿ ಮುಚ್ಚದ ಬಸ್ ಕಂಡಕ್ಟರ್ ಗ್ಯಾರುಲಸ್. ಹಿಡಿದ ಹಟ ಬಿಡದ ಸೋದರಮಾವ ಆಬ್ಸ್ಟಿನೇಟ್. ಹಾಗೆ ಹಚ್ಚಿದ ಮೇಲೆ ಶಬ್ದಗಳು ಮರೆತುಹೋಗಲಿಲ್ಲ. ಒಂದು ಸಂಜೆ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತ ಇದನ್ನೆಲ್ಲ ಆಕೆಗೆ ಹೇಳಿದೆ.

ಮುಂದಿನ ವಾರ ನಾವಿಬ್ಬರೂ ಹೋಗುತ್ತಿದ್ದ ಕೋಚಿಂಗ್ ಕ್ಲಾಸಿನಲ್ಲಿ ಸರ್, ಥ್ರಿಫ್ಟಿಗೂ ಸ್ಟಿಂಜಿಗೂ ಏನು ಫರಕು ಎಂದು ಕೇಳಿದರು. ಎರಡೂ ಕೈ ಬಿಗಿಹಿಡಿದು ಖರ್ಚು ಮಾಡುವವರಿಗೆ ಹೇಳುವ ಮಾತೇ. ಉತ್ತರ ನನ್ನ ನಾಲಿಗೆಯ ಮೇಲಿತ್ತು. ಎದ್ದು ನಿಂತವಳು ಮಾತ್ರ ಆಕೆ.

"ಕಮಲಾಪುರದಾಗ ನಮ್ಮ ದೊಡ್ಡವ್ವ ಥ್ರಿಫ್ಟಿ ಅದಾಳ್ರಿ ಸರ್. ಆಕಿ ಮನಿ ಬಾಜೂಕ ಹೋಟೆಲ್ ಇಟ್ಟಾಂವ ಸ್ಟಿಂಜಿ. ದೊಡ್ಡವ್ವ ತನಗ ಕಮ್ಮಿ ಮಾಡ್ಕೋತಾಳ, ಅಂವ ಮಂದಿಗಿ ಕಮ್ಮಿ ಮಾಡ್ತಾನ."

ಕ್ಲಾಸೆಲ್ಲ ನಕ್ಕಿತು. ಸರ್ ಆಕೆಯಿಂದ ಇನ್ನೊಮ್ಮೆ ಹೇಳಿಸಿದರು. ಆ ದೊಡ್ಡವ್ವ ಎಂದರೆ ನನ್ನ ಅವ್ವ. ಮಾತೂ ನನ್ನದೇ.

ಕ್ಲಾಸು ಬಿಟ್ಟ ಮೇಲೆ ತೊಗರಿಬೇಳೆ ತರಲು ಇಬ್ಬರೂ ನೆಹರು ಗಂಜಿಗೆ ಹೊರಟೆವು. ನಾನು ನಾಲ್ಕು ಹೆಜ್ಜೆ ಮುಂದೆಯೇ ನಡೆದೆ.

"ಮಾರಿ ಯಾಕ ಉಬ್ಬಿಸ್ಕೊಂಡಿ?" ಎಂದಳು.

"ಅದು ನಾ ಹೇಳಿದ್ದು."

"ಹೌದು, ನೀನೇ ಹೇಳಿದ್ದು. ಆದ್ರ ಕ್ಲಾಸಿನ್ಯಾಗ ನೀ ಏಳ್ತಿದ್ದೇನು?"

ಏಳುತ್ತಿರಲಿಲ್ಲ. ಅದು ಆಕೆಗೂ ಗೊತ್ತಿತ್ತು ಎನ್ನುವುದೇ ನನಗೆ ಹೆಚ್ಚು ಚುಚ್ಚಿತು. ಆ ಸಿಟ್ಟಿನಲ್ಲಿ ಮರುದಿನದಿಂದ ಆಕೆಗಿಂತ ಮೊದಲೇ ಎದ್ದು ನಿಲ್ಲತೊಡಗಿದೆ. ಇಂಗ್ಲಿಷ್ ವ್ಯಾಕರಣ ತಪ್ಪುತ್ತಿತ್ತು, ಹಿಂದಿನ ಬೆಂಚಿನವರು ನಗುತ್ತಿದ್ದರು. ಆದರೂ ನಾನು ಕೂರಲಿಲ್ಲ.

ಫಲಿತಾಂಶ ಬಂದಾಗ ನಾನು ಪಾಸಾಗಿದ್ದೆ. ಆಕೆ ಗಣಿತದಲ್ಲಿ ಹಿಂದೆ ಬಿದ್ದಿದ್ದಳು. ಆಕೆ ಅತ್ತಾಗ ಪಕ್ಕದಲ್ಲಿ ಕೂತು ಸಮಾಧಾನ ಮಾಡಿದೆನಾದರೂ ಒಳಗೊಳಗೆ ಹಗುರಾಗಿದ್ದೆ. ಇನ್ನು ಹೊಟ್ಟೆಕಿಚ್ಚು ಪಡುವುದಕ್ಕೆ ಏನೂ ಉಳಿದಿಲ್ಲ ಎಂದುಕೊಂಡಿದ್ದೆ.

ನನ್ನನ್ನು ಬೀದರ್ ಕಡೆಯ ಒಂದು ಹಳ್ಳಿಯ ಶಾಖೆಗೆ ಹಾಕಿದರು. ಆಕೆ ಮರುವರ್ಷ ಪಾಸಾದಳು. ಕೆಲಸ ಸಿಕ್ಕಿದ್ದು ಕಮಲಾಪುರದಲ್ಲಿ. ಅವ್ವ ಆಕೆಗೆ ಬೇರೆ ಖೋಲಿ ಹಿಡಿಯಲು ಬಿಡಲಿಲ್ಲ. ಈಗ ನನ್ನ ಕೋಣೆಯಲ್ಲಿ, ನನ್ನ ಮಂಚದ ಮೇಲೆ ಮಲಗುವವಳು ಆಕೆ.

ಮೊನ್ನೆ ಫೋನ್ ಮಾಡಿದಾಗ ಅವ್ವ ಅವಸರದಲ್ಲಿದ್ದಳು.

"ಆಕಿ ಬರೋ ಹೊತ್ತಾತು. ಬಿಸಿ ರೊಟ್ಟಿ, ಝುಣಕಾ ಮಾಡಾಕತ್ತೀನಿ. ನೀ ಉಂಡೇನು?"

ಉಂಡೆ ಎಂದೆ. ಇನ್ನೂ ಉಂಡಿರಲಿಲ್ಲ.